ಹೊಸ ಮಿಲ್ಲಿಂಗ್ ಮಷೀನು ತಂದವನಿಗೆ ದೊಡ್ಡಪ್ಪನ ಕಿವಿಮಾತು

ತಮ್ಮಾ, ಕದರಮಂಡಲಗಿ ಮನೆಯ ಹಿತ್ತಲ ಶೆಡ್ಡಿಗೆ ಮಿಲ್ಲಿಂಗ್ ಮಷೀನು ಬರುತ್ತದೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಒಳ್ಳೆಯ ಕೆಲಸ ಮಾಡಿದೆ. ಬ್ಯಾಡಗಿಯ ಖಾರದ ಗಿರಣಿಯ ಶಾಫ್ಟು, ಗೋವಿನಜೋಳ ಒಕ್ಕುವ ಮಷೀನಿನ ಪುಲ್ಲಿ, ಟ್ರ್ಯಾಕ್ಟರ್ ಕೂರಿಗೆಯ ಹಬ್ಬು, ಇವೆಲ್ಲ ಒಂದು ಕೀ ವೇ, ಅಂದರೆ ಕೀ ಕೂರುವ ತೋಡು, ತೆಗೆಸುವ ಸಲುವಾಗಿ ರಾಣೇಬೆನ್ನೂರಿಗೋ ಹುಬ್ಬಳ್ಳಿಗೋ ಹೋಗಿ ಸರದಿ ಕಾಯುತ್ತವೆ. ಊರಲ್ಲೇ ಆದರೆ ಯಾರಿಗೆ ಬೇಡ?

ನಾನು ಕಸಬು ಕಲಿತದ್ದು ಹರಿಹರದ ಯಂತ್ರಪುರದಲ್ಲಿ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಫಿಟ್ಟಿಂಗ್ ವಿಭಾಗದಲ್ಲಿ. ಅಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಲೇಥು. ಆದರೆ ಬೀಡು ಕಬ್ಬಿಣದ ಸ್ವಭಾವ ಲೇಥಿನಲ್ಲೂ ಅದೇ, ಮಿಲ್ಲಿಂಗಿನಲ್ಲೂ ಅದೇ. ಮಷೀನು ಇಳಿದ ದಿನವೇ ಡಿಆರ್‌ಓ, ಬಾಲ್ ಸ್ಕ್ರೂ, ಸಿಎನ್‌ಸಿ ಅಂತ ರೊಕ್ಕ ಸುರಿದು, ಕೊನೆಗೆ ಒಂದು ಚೌಕ ಜಾಬು ಚೌಕವಾಗಿ ಬರಲಿಲ್ಲವೆಂದು ತಲೆ ಮೇಲೆ ಕೈ ಹೊತ್ತವರನ್ನು ಬಹಳ ನೋಡಿದ್ದೇನೆ. ಇದ್ದದ್ದನ್ನು ಮೊದಲು ಅಳೆ, ಸರಿ ಮಾಡು. ಹೊಸದನ್ನು ಕೊಳ್ಳುವುದು ಆಮೇಲೆ. ಕೆಳಗೆ ಬರೆದದ್ದನ್ನು ಬರೆದ ಕ್ರಮದಲ್ಲೇ ಮಾಡು. ನಡುವೆ ಜಿಗಿದರೆ ಮಾಡಿದ್ದನ್ನೇ ತಿರುಗಿ ಮಾಡಬೇಕಾದೀತು.

• ನೆಲದಿಂದ ಶುರು ಮಾಡು. ಶೆಡ್ಡಿನ ಜಾಗ ಎರೆಮಣ್ಣಿನದಾದರೆ ಅದರ ಮೇಲೆ ಬರೇ ಕಾಂಕ್ರೀಟ್ ಎರಚಿ ಮಷೀನು ಕೂಡಿಸಬೇಡ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಜೊತೆ ನಿನ್ನ ಲೆವೆಲ್ಲೂ ಏರಿಳಿಯುತ್ತದೆ. ಎರಡು ಅಡಿ ಎರೆ ತೆಗೆಸಿ ಗರಸು ತುಂಬಿಸಿ, ನೀರು ಹಾಕಿ ದಮ್ಮಸ್ಸು ಮಾಡಿಸು. ಮೇಲೆ ಸರಳು ಕಟ್ಟಿದ ಆರಿಂಚು ಕಾಂಕ್ರೀಟು. ಆ ಚಪ್ಪಡಿ ಗೋಡೆಗೆ ತಾಗಬಾರದು, ಸುತ್ತ ಒಂದಿಂಚು ಸಂದು ಬಿಡು. 28 ದಿನ ಕಾಂಕ್ರೀಟ್ ಗಟ್ಟಿಯಾಗಲಿ. ಮಷೀನು ಬೇಗ ಬಂದರೆ ಹಲಗೆ ಮೇಲೆ ಕೂತಿರಲಿ, ಅದಕ್ಕೇನೂ ಹಸಿವಾಗುವುದಿಲ್ಲ.

• ಇಳಿಸುವಾಗ ಗಡಿಬಿಡಿ ಬೇಡ. ಮಿಲ್ಲಿಂಗ್ ಮಷೀನಿನ ಭಾರವೆಲ್ಲ ಮೇಲುಗಡೆ. ಹೆಡ್ಡನ್ನು ಪೂರಾ ಕೆಳಗಿಳಿಸಿ, ಟೇಬಲ್ಲನ್ನು ನಡುವಿಗೆ ತಂದು, ಎಲ್ಲ ಲಾಕು ಬಿಗಿಮಾಡಿಯೇ ಚೈನ್ ಪುಲ್ಲಿಗೆ ಹಾಕಬೇಕು. ಪಟ್ಟಿಯನ್ನು ಕಾಲಮ್ಮಿಗೆ ಸುತ್ತಬೇಕು. ಟೇಬಲ್ಲಿಗಾಗಲಿ ಹ್ಯಾಂಡಲಿಗಾಗಲಿ ಸುತ್ತಿ ಎತ್ತಿದರೆ ಸ್ಕ್ರೂ ಬಾಗುತ್ತದೆ. ನೆಲದ ಮೇಲೆ ಸರಿಸಲು ಅಡಿಗೆ ಜಿಐ ಪೈಪು ಇಟ್ಟು ಉರುಳಿಸು. ಮಷೀನು ವಾಲಿತೋ, ಹಿಡಿಯಲು ಹೋಗಬೇಡ, ದೂರ ಸರಿ. ಇದನ್ನು ಸಹಾಯಕ್ಕೆ ಬಂದ ಹುಡುಗರಿಗೂ ಮೊದಲೇ ಹೇಳು.

• ಬಂದ ಮಷೀನಿಗೆ ಬಳಿದಿರುವ ಗ್ರೀಸು ಎಣ್ಣೆಯಲ್ಲ, ತುಕ್ಕು ಹಿಡಿಯದಂತೆ ಹಚ್ಚಿದ್ದು. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಅರಿವೆ ಅದ್ದಿ ಒರೆಸು. ಪೆಟ್ರೋಲ್ ಮುಟ್ಟಬೇಡ. ಜಿಬ್‌ಗಳನ್ನು, ಅಂದರೆ ಸ್ಲೈಡಿನ ಸಡಿಲು ಹಿಡಿಯುವ ಪಟ್ಟಿಗಳನ್ನು, ಹೊರಗೆಳೆದು, ಟೇಬಲ್ಲನ್ನು ಜಾರಿಸಿ ತೆಗೆದು, ಒಳಗಿನ ಮೂಲೆಗಳನ್ನು ಬೆರಳಲ್ಲಿ ಸವರಿ ನೋಡು. ಎರಕದ ಮರಳು ಸಣ್ಣಗೆ ಚುಚ್ಚಿದರೆ ಬ್ರಷ್ ಹಾಕಿ ತೊಳೆ. ಆ ಮರಳಿನ ನಾಲ್ಕು ಕಣ ಸ್ಲೈಡಿಗೆ ಇಳಿದರೆ ಸಾಕು, ಹೊಸ ಮಷೀನು ಒಂದೇ ವರ್ಷದಲ್ಲಿ ಹಳತಾಗುತ್ತದೆ. ಗೇರ್‌ಬಾಕ್ಸಿನ ಮೊದಲ ಎಣ್ಣೆಯನ್ನು ಕೆಲವು ದಿನ ಓಡಿಸಿ ಬಿಸಿ ಇದ್ದಾಗಲೇ ಬಸಿದುಬಿಡು. ಸ್ಲೈಡಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆ ಹಾಕು. ಮೋಟರ್‌ಸೈಕಲ್ಲಿನ ಎಂಜಿನ್ ಎಣ್ಣೆ ಮನೆಯಲ್ಲಿದೆ ಎಂದು ಅದನ್ನೇ ಸುರಿಯಬೇಡ.

• ಕರೆಂಟಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡಬೇಡ. ಮನೆಗೆ ಬರುವುದು ಸಿಂಗಲ್ ಫೇಸು, ಮಷೀನಿನ ಮೋಟರು ಬಹುಶಃ ತ್ರೀ ಫೇಸಿನದು. ಹೊಲದ ಪಂಪ್‌ಸೆಟ್ ಲೈನಿಂದ ವೈರ್ ಎಳೆಯುವ ಯೋಚನೆ ತಲೆಗೆ ಬಂದಿದ್ದರೆ ಈಗಲೇ ಬಿಡು. ಒಂದು ವಿಎಫ್‌ಡಿ ಕೊಂಡರೆ ಸಿಂಗಲ್ ಫೇಸಿನಲ್ಲಿ ಎರಡು ಎಚ್‌ಪಿ ಮೋಟರು ಆರಾಮಾಗಿ ಓಡುತ್ತದೆ, ವೇಗವನ್ನೂ ಹೆಚ್ಚು ಕಡಿಮೆ ಮಾಡಬಹುದು. ಆದರೆ ಕೊಳ್ಳುವ ಮೊದಲು ಮೋಟರಿನ ತಗಡಿನ ಮೇಲೆ ಏನು ಬರೆದಿದೆ ಓದು. 230 ವೋಲ್ಟ್ ಒಳಗೆ ತೆಗೆದುಕೊಳ್ಳುವ ವಿಎಫ್‌ಡಿ ಹೊರಗೂ 230 ವೋಲ್ಟನ್ನೇ ಕೊಡುತ್ತದೆ. ತಗಡಿನ ಮೇಲೆ ಡೆಲ್ಟಾದಲ್ಲಿ 230, ಸ್ಟಾರಿನಲ್ಲಿ 415 ಎಂದಿದ್ದರೆ ಡೆಲ್ಟಾಕ್ಕೆ ಬದಲಿಸಿ ಕೂಡಿಸು. ಬರೇ 415 ಎಂದಿದ್ದರೆ ಮೋಟರು ತಿರುಗುತ್ತದೆ, ಆದರೆ ಕಟರು ಜಾಬಿಗೆ ತಾಗಿದ ಕೂಡಲೇ ಕುಸಿಯುತ್ತದೆ. ದಂಧೆಗೆ ಓಡಿಸುವುದಾದರೆ ಹೆಸ್ಕಾಂನವರಿಗೆ ಅರ್ಜಿ ಕೊಟ್ಟು ಕೈಗಾರಿಕೆಯ ಮೀಟರನ್ನೇ ಹಾಕಿಸಿಕೋ.

• ಹೋದ ಕರೆಂಟು ಬಂದಾಗ ಮಷೀನು ತಾನಾಗಿ ತಿರುಗಬಾರದು. ನಮ್ಮ ಕಡೆ ಕರೆಂಟು ಹೋಗುವುದು ದೊಡ್ಡ ಸುದ್ದಿಯಲ್ಲ. ಹೋದಾಗ ನೀನು ಕಟರಿಗೆ ಸುತ್ತಿದ ಚಿಪ್ಸನ್ನು ಕೈಯಿಂದ ಬಿಡಿಸುತ್ತಿರುತ್ತೀ, ಅಷ್ಟರಲ್ಲೇ ಬರುತ್ತದೆ. ಸಾದಾ ಸ್ವಿಚ್ಚಿನ ಬದಲು ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಹಾಕು. ಹಸಿರು ಗುಂಡಿ ಒತ್ತಿದ ಹೊರತು ಏಳುವುದಿಲ್ಲ. ವಿಎಫ್‌ಡಿ ಹಾಕಿದರೆ ಅದರ ಸೆಟ್ಟಿಂಗಿನಲ್ಲೂ ತಾನಾಗಿ ಏಳುವುದನ್ನು ಬಂದ್ ಮಾಡಿಸು. ಅರ್ಥಿಂಗನ್ನು ನೀರಿನ ಪೈಪಿಗೆ ಕಟ್ಟದೆ ಬೇರೆ ಗುಂಡಿ ತೋಡಿಸು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಲು ಮನೆಯವರಿಗೆ ಹೇಳಿಡು.

• ಲೆವೆಲ್ ನೋಡಲು ಗೌಂಡಿಯ ಲೆವೆಲ್ ಬಾಟಲಿ ನಡೆಯುವುದಿಲ್ಲ. ಮೀಟರಿಗೆ 0.02 ಮಿ.ಮೀ. ತೋರಿಸುವ ಮಷೀನ್ ಲೆವೆಲ್ ಬೇಕು. ಒಂದು ದಿನಕ್ಕೆ ಯಾರಿಂದಾದರೂ ಕಡ ತಾ. ಮಷೀನಿನ ಪಾದ ನಾಲ್ಕೂ ನೆಲಕ್ಕೆ ಸಮನಾಗಿ ಕೂತು, ಬೇಸು ತಿರುಚದಿದ್ದರೆ ಆಯಿತು. ಲೇಥಿನಷ್ಟು ಉದ್ದ ಬೆಡ್ ಇದಕ್ಕಿಲ್ಲ, ಆದ್ದರಿಂದ ಗುಳ್ಳೆ ಕೂದಲೆಳೆ ಅತ್ತಿತ್ತ ಆಯಿತೆಂದು ನಿದ್ದೆಗೆಡಬೇಡ. ದೀಪಾವಳಿ ಹೊತ್ತಿಗೊಮ್ಮೆ, ಯುಗಾದಿ ದಾಟಿದ ಮೇಲೊಮ್ಮೆ ತಿರುಗಿ ನೋಡು.

• ಜಿಬ್ ಬಿಗಿ ಮಾಡುವುದಕ್ಕೆ ಪುಸ್ತಕ ಬೇಡ, ಕೈಗೆ ಹದ ಸಿಗಬೇಕು. ಹ್ಯಾಂಡಲ್ ತಿರುಗಿಸಲು ಬಿಗಿಯಾಗುವ ತನಕ ಸ್ಕ್ರೂ ಒತ್ತು, ಆಮೇಲೆ ಸಲೀಸಾಗುವಷ್ಟು ಮಾತ್ರ ಬಿಡು. ಟೇಬಲ್ಲಿನ ಒಂದು ತುದಿಗೆ ಡಯಲ್ ಗೇಜ್ ಇಟ್ಟು, ಇನ್ನೊಂದು ತುದಿ ಹಿಡಿದು ನೂಕಿ ಎಳೆ. ಮುಳ್ಳು 0.03ಕ್ಕಿಂತ ಹೆಚ್ಚು ಓಡಾಡಿದರೆ ಇನ್ನೂ ಸಡಿಲಿದೆ. ಟೇಬಲ್ಲಿನ ನಡುವೆ ಹದವಾಗಿದ್ದು ತುದಿಗೆ ಹೋದಂತೆ ಬಿಗಿಯಾದರೆ ಮಾರ್ಗ ಸಮನಾಗಿಲ್ಲ. ಅಲ್ಲಿ ಸ್ಕ್ರೇಪಿಂಗ್ ಬೇಕು. ನೀನೇ ಸ್ಕ್ರೇಪರ್ ಹಿಡಿಯಬೇಡ, ನಾನು ಬರುವ ತನಕ ಕಾಯಿ.

• ಹ್ಯಾಂಡಲ್ಲಿನ ಸಡಿಲು, ಅಂದರೆ ಬ್ಯಾಕ್‌ಲ್ಯಾಶ್, ಎಷ್ಟಿದೆ ಎಂದು ಮೂರೂ ಕಡೆ ಅಳೆದು ಮಷೀನಿನ ಮೇಲೆ ಪೇಂಟಿನಲ್ಲೇ ಬರೆದಿಡು. ಗುರುತಿಗೆ ಬರುವಾಗ ಸದಾ ಒಂದೇ ದಿಕ್ಕಿನಿಂದ ಬಾ. ದಾಟಿತೆಂದರೆ ಒಂದು ಸುತ್ತು ಹಿಂದೆ ಹೋಗಿ ತಿರುಗಿ ಬಾ. ಸಡಿಲು ಇರುವ ತನಕ ಕಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಜಾಬು ತಳ್ಳು. ಅದೇ ದಿಕ್ಕಿಗೆ ತಳ್ಳಿದರೆ ಕಟರು ಟೇಬಲ್ಲನ್ನು ತಾನೇ ಕಸಿದುಕೊಳ್ಳುತ್ತದೆ. ಆಗ ಕಟರು ಮುರಿಯಬಹುದು, ಜಾಬು ವೈಸಿನಿಂದ ಹಾರಬಹುದು. ನಡೆಸದ ಸ್ಲೈಡುಗಳನ್ನು ಲಾಕ್ ಮಾಡಿಯೇ ಕತ್ತರಿಸು.

• ಈಗ ಟ್ರಾಮಿಂಗ್, ಎಂದರೆ ಸ್ಪಿಂಡಲ್ಲು ಟೇಬಲ್ಲಿಗೆ ನೆಟ್ಟಗೆ ನಿಂತಿದೆಯೋ ಇಲ್ಲವೋ ನೋಡಿ ಸರಿ ಮಾಡುವುದು. ಇಡೀ ಕೆಲಸದ ಜೀವ ಇದು. ಅಮೆರಿಕದ ಬ್ರಿಜ್‌ಪೋರ್ಟ್ ಮಷೀನು 1938ರಲ್ಲಿ ಬಂದ ಮೇಲೆ ಹೆಡ್ ಓರೆಯಾಗಿಸುವ ಮಾದರಿ ಜಗತ್ತಿಗೆಲ್ಲ ಹಬ್ಬಿತು, ನಿನ್ನದೂ ಅದರ ದೂರದ ನಂಟೇ. ಹೆಡ್ ಓರೆಯಾಗುತ್ತದೆ ಎಂದ ಮೇಲೆ ನಮಗೆ ಗೊತ್ತಿಲ್ಲದೆಯೂ ಓರೆಯಾಗುತ್ತದೆ.

ಮೊದಲು ಕಾಲಮ್ ನೋಡು. ಟೇಬಲ್ ಮೇಲೆ ಒಳ್ಳೆ ಟ್ರೈ ಸ್ಕ್ವೇರ್ ನಿಲ್ಲಿಸಿ, ಹೆಡ್ಡಿಗೆ ಡಯಲ್ ಕಟ್ಟಿ ಮೇಲೆ ಕೆಳಗೆ ಓಡಿಸು. ಮುಳ್ಳು ಸರಿದರೆ ತಪ್ಪು ಕಾಲಮ್ಮಿನ ಬುಡದಲ್ಲಿದೆ. ಹೆಡ್ ಎಷ್ಟು ತಿರುಗಿಸಿದರೂ ಅದು ಮಾಯವಾಗುವುದಿಲ್ಲ. ಬುಡದ ಬೋಲ್ಟು ಸಡಿಲಿಸಿ ಶಿಮ್, ಅಂದರೆ ತೆಳು ತಗಡು, ಹಾಕಬೇಕು. ಲೆಕ್ಕ ಸುಲಭ. ಡಯಲ್ 200 ಮಿ.ಮೀ. ಓಡಾಟದಲ್ಲಿ 0.04 ತೋರಿಸಿತು, ಬುಡದ ಬೋಲ್ಟುಗಳ ಅಂತರ 150 ಮಿ.ಮೀ. ಇದೆ ಎಂದುಕೋ. 0.04ನ್ನು 150ರಿಂದ ಗುಣಿಸಿ 200ರಿಂದ ಭಾಗಿಸಿದರೆ 0.03. ಫೀಲರ್ ಗೇಜಿನ 0.03ರ ಪಟ್ಟಿ ಅಷ್ಟಕ್ಕೆ ಸರಿ. ರಟ್ಟು, ರಬ್ಬರು ಮಾತ್ರ ಇಡಬೇಡ.

ಕಾಲಮ್ ಸರಿಯಾದ ಮೇಲೆ ಹೆಡ್ಡು. ಕಾಲೆಟ್ಟಿನಲ್ಲಿ ಬಗ್ಗಿಸಿದ ಸರಳು ಹಿಡಿಸಿ ಅದರ ತುದಿಗೆ ಡಯಲ್ ಕಟ್ಟು. ಸ್ಪಿಂಡಲ್ಲಿನ ನಡುವಿನಿಂದ ಡಯಲ್ಲಿನ ಮೂತಿ 100 ಮಿ.ಮೀ. ದೂರವಿರಲಿ. ಹಾಗೇ ಸುತ್ತಿಸಿದರೆ ಮೂತಿ ಟೇಬಲ್ಲಿನ ಟಿ ಸ್ಲಾಟಿಗೆ ಬೀಳುತ್ತದೆ. ಅದಕ್ಕೆ ರಾಣೇಬೆನ್ನೂರಿನ ಗುಜರಿಯಲ್ಲಿ ದೊಡ್ಡ ಬೇರಿಂಗಿನ ಹೊರಬಳೆ ಹುಡುಕಿ ತಾ. ಎರಡೂ ಮುಖ ಗ್ರೈಂಡ್ ಆಗಿ ಸಮಾಂತರವಿರುತ್ತದೆ. ತೊಳೆದು ಟೇಬಲ್ ಮೇಲೆ ಇಟ್ಟರೆ ಡಯಲ್ ಅದರ ಮೇಲೆ ಸುಸೂತ್ರ ಓಡುತ್ತದೆ. ಅಷ್ಟು ದೊಡ್ಡದು ಸಿಗದಿದ್ದರೆ ಮೂತಿಯನ್ನೇ ಬಳೆಯ ಅಳತೆಗೆ ಒಳಗೆ ತಾ. ಕರೆಂಟು ಪೂರಾ ಬಂದ್ ಮಾಡಿ, ಸ್ಪಿಂಡಲ್ಲನ್ನು ಕೈಯಲ್ಲೇ ತಿರುಗಿಸು. ಎಡಕ್ಕೆ ಸೊನ್ನೆ ಮಾಡಿದ್ದು ಬಲಕ್ಕೆ 0.08 ತೋರಿದರೆ, ಡಯಲ್ ಬಲದಲ್ಲೇ ಇರುವಾಗ ಹೆಡ್ಡನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ 0.04ಕ್ಕೆ ತಾ. ಪೂರಾ ಸೊನ್ನೆಗೆ ತಂದರೆ ಆಚೆ ಕಡೆ ಓರೆಯಾಗುತ್ತದೆ. ತಿರುಗಿ ಎಡಕ್ಕೆ ಹೋಗಿ ನೋಡು. 200ಕ್ಕೆ 0.02ರ ಒಳಗೆ ಬಂದರೆ ಬೋಲ್ಟ್ ಬಿಗಿ ಮಾಡು, ಬಿಗಿ ಮಾಡಿ ಮತ್ತೆ ನೋಡು; ಬಿಗಿಯುವಾಗಲೇ ಸರಿಯುವ ಬುದ್ಧಿ ಹೆಡ್ಡಿಗಿದೆ. ಮುಂದೆ ಹಿಂದೆಯೂ ಹೀಗೇ.

ನಿಜವಾದ ಪರೀಕ್ಷೆ ಕತ್ತರಿಸಿದ ಮುಖದ ಮೇಲೆ. ಅಗಲದ ಬೀಡಿನ ತುಂಡನ್ನು ಫ್ಲೈ ಕಟರಿನಲ್ಲಿ ತೆಳ್ಳಗೆ ಸವರಿ ಬೆಳಕಿಗೆ ಹಿಡಿ. ಹೋಗುವ ಗೆರೆ ಬರುವ ಗೆರೆ ಎರಡೂ ಒಂದರ ಮೇಲೊಂದು ಕತ್ತರಿಯಾಕಾರದಲ್ಲಿ ಕಂಡರೆ ಹೆಡ್ ನೆಟ್ಟಗಿದೆ. ಒಂದೇ ಕಡೆಯ ಬಿಲ್ಲಿನ ಗೆರೆ ಕಂಡರೆ ಇನ್ನೂ ಓರೆ ಉಳಿದಿದೆ.

• ವೈಸನ್ನು ಕಣ್ಣಳತೆಯಲ್ಲಿ ಕೂಡಿಸಬೇಡ. ಅಲುಗದ ದವಡೆಯ ಮೇಲೆ ಡಯಲ್ ಓಡಿಸಿ ಸೊನ್ನೆ ಮಾಡು. ಜಾಬು ಹಿಡಿದಾಗ ಅಲುಗುವ ದವಡೆ ಅದನ್ನು ಒಂಚೂರು ಮೇಲೆತ್ತುತ್ತದೆ; ಬಿಗಿದ ಮೇಲೆ ತಾಮ್ರದ ಸುತ್ತಿಗೆಯಿಂದ ತಟ್ಟಿ ಅಡಿಗಿಟ್ಟ ಪ್ಯಾರಲಲ್ ಪಟ್ಟಿಗೆ ಕೂಡಿಸು. ಪ್ಯಾರಲಲ್ ಬೆರಳಿಗೆ ಅಲುಗಬಾರದು.

• ವೇಗದ ಲೆಕ್ಕ ಗೋಡೆಗೆ ಬರೆದು ಅಂಟಿಸು. ಎಚ್‌ಎಸ್‌ಎಸ್ ಕಟರಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 25 ಮೀಟರ್, ಬೀಡಿಗೆ 18ರಿಂದ 20. ಮೀಟರನ್ನು 320ರಿಂದ ಗುಣಿಸಿ ಕಟರಿನ ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ. 10 ಮಿ.ಮೀ. ಕಟರಿಗೆ ಸ್ಟೀಲಿನಲ್ಲಿ 800. ಬೀಡನ್ನು ಒಣಗಿದ್ದಂತೆಯೇ ಕತ್ತರಿಸು, ಸ್ಟೀಲಿಗೆ ಕೂಲಂಟ್ ಹಾಕು. ಕೂಲಂಟ್ ಕಲಸುವಾಗ ನೀರಿಗೆ ಎಣ್ಣೆ ಸುರಿ, ಎಣ್ಣೆಗೆ ನೀರು ಸುರಿದರೆ ಒಡೆದು ಹೋಗುತ್ತದೆ. ಬೆಂಗಳೂರಿನ ಎಚ್‌ಎಂಟಿಯವರ ಎಫ್‌ಎನ್2, ಬಿಎಫ್‌ಡಬ್ಲ್ಯೂದವರ ಮಷೀನುಗಳನ್ನು ನೋಡಿ ಅಷ್ಟೇ ಆಳ ತೆಗೆಯಲು ಹೋಗಬೇಡ. ಅವು ಟನ್ನುಗಟ್ಟಲೆ ಭಾರದವು. ನಿನ್ನದು ಅರ್ಧ ಕಟ್ಟಿಗೇ ನಡುಗಿದರೆ ಅದು ನಿನಗೆ ಹೇಳುತ್ತಿರುವ ಮಾತು, ಕೇಳು.

• ಇಷ್ಟೆಲ್ಲ ಆದ ಮೇಲೆ ರೊಕ್ಕ ಉಳಿದಿದ್ದರೆ ಮೊದಲು ಡಿಆರ್‌ಓ ಹಾಕಿಸು. ಅದು ಟೇಬಲ್ಲು ಎಲ್ಲಿದೆ ಎಂದು ಸರಿಯಾಗಿ ತೋರಿಸುತ್ತದೆ, ಹ್ಯಾಂಡಲ್ಲಿನ ಸಡಿಲನ್ನು ಮಾತ್ರ ತೆಗೆಯುವುದಿಲ್ಲ. ಕಟರ್ ಎಳೆದರೆ ಟೇಬಲ್ ಈಗಲೂ ಹೋಗುತ್ತದೆ, ಹೋದದ್ದು ಅಂಕಿಯಲ್ಲಿ ಕಾಣುತ್ತದೆ ಅಷ್ಟೆ. ಎರಡನೆಯದು ಪವರ್ ಫೀಡ್. ಹಳೇ ಕಾರಿನ ವೈಪರ್ ಮೋಟರು, 12 ವೋಲ್ಟಿನ ಸಪ್ಲೈ, ಒಂದು ಸ್ಪೀಡ್ ಕಂಟ್ರೋಲರ್ ಇದ್ದರೆ ಸಣ್ಣ ಮಷೀನಿಗೆ ಸಾಕು. ಕೈಯಲ್ಲಿ ತಿರುಗಿಸಿದಾಗ ಬರದ ಸಮನಾದ ಫಿನಿಷ್ ಅದರಲ್ಲಿ ಬರುತ್ತದೆ. ಟೇಬಲ್ ತುದಿಗೆ ಹೋದಾಗ ನಿಲ್ಲಿಸುವ ಲಿಮಿಟ್ ಸ್ವಿಚ್ ಮರೆಯಬೇಡ. ಬಾಲ್ ಸ್ಕ್ರೂ, ಸಿಎನ್‌ಸಿ ಈಗಲೇ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಎರಡು ಒಟ್ಟಿಗೆ ಮಾಡಿದರೆ ಯಾವುದು ಸುಧಾರಿಸಿತು, ಯಾವುದು ಕೆಡಿಸಿತು ತಿಳಿಯುವುದಿಲ್ಲ.

• ಧೂಳು ನಮ್ಮ ಊರಿನ ವಿಶೇಷ. ಮೆಣಸಿನಕಾಯಿ ಹಂಗಾಮಿನಲ್ಲಿ ಒಣಹಾಕಿದ ಕಣದಿಂದ, ರಸ್ತೆಯಿಂದ ಬಂದದ್ದೆಲ್ಲ ಎಣ್ಣೆಯ ಮೇಲೆ ಕೂತು ಅಂಟಾಗುತ್ತದೆ. ಕೆಲಸ ಮುಗಿದ ಮೇಲೆ ಬ್ರಷ್ಷಿನಿಂದ ಗುಡಿಸು, ಕಂಪ್ರೆಸರ್ ಗಾಳಿ ಹೊಡೆಯಬೇಡ; ಗಾಳಿ ಚಿಪ್ಸನ್ನು ಸ್ಲೈಡಿನೊಳಗೇ ನೂಕುತ್ತದೆ. ಹೊದಿಸಲು ಹಳೇ ಹತ್ತಿ ಸೀರೆ ಒಳ್ಳೆಯದು. ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದರೆ ಮಳೆಗಾಲದಲ್ಲಿ ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ.

• ಖಂಡೇಪೂಜೆಗೆ ಅರಿಷಿಣ ಕುಂಕುಮ ಹೆಡ್ಡಿನ ಬಣ್ಣದ ಮೇಲೆ ಹಚ್ಚು, ಸ್ಲೈಡಿನ ಮೇಲೆ ಬೇಡ. ಕಾಯಿ ಒಡೆಯುವುದು ಬಾಗಿಲಾಚೆ. ಕಾಯಿಯ ನೀರು ಟೇಬಲ್ಲಿಗೆ ಸಿಡಿದರೆ ಮಾರನೇ ದಿನಕ್ಕೆ ಕೆಂಪು ಕಲೆ ಬಿದ್ದಿರುತ್ತದೆ. ನಿಮ್ಮವ್ವ ಒಪ್ಪುವುದಿಲ್ಲ, ನಾನು ಹೇಳಿದೆನೆಂದು ಹೇಳು.

• ಹೆಗಲ ಮೇಲಿನ ಟವೆಲ್ಲು, ಕೊರಳ ದಾರ, ಕೈಯ ಕಂಕಣ, ಉಂಗುರ, ಎಲ್ಲ ಗೂಟಕ್ಕೆ. ಕೈಗವಸು ಹಾಕಿಕೊಂಡು ತಿರುಗುವ ಕಟರಿನ ಹತ್ತಿರ ಹೋಗಲೇಬೇಡ. ಕನ್ನಡಕ ಹಾಕು. ಶನಿವಾರ ಊರ ಹನುಮಪ್ಪ ಕಾಂತೇಶನ ದರ್ಶನಕ್ಕೆ ಬಂದವರು ಸದ್ದು ಕೇಳಿ ಒಳಗೆ ಇಣುಕುತ್ತಾರೆ, ಜೊತೆಗೆ ಮಕ್ಕಳಿರುತ್ತಾರೆ. ಬಾಗಿಲಿಗೆ ಒಂದು ಅಡ್ಡಗಟ್ಟೆ ಮಾಡು. ಮಾತಾಡಬೇಕಾದರೆ ಮಷೀನು ನಿಲ್ಲಿಸಿ ಮಾತಾಡು.

• ಮೊದಲ ಕೆಲಸ ಕೀ ವೇ ಆಗಿರುತ್ತದೆ, ಆದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇನೆ. 25 ಮಿ.ಮೀ. ಶಾಫ್ಟಿಗೆ ಕೀ 8 ಅಗಲ, 7 ಎತ್ತರ. ಶಾಫ್ಟಿನಲ್ಲಿ ಆಳ 4, ಹಬ್ಬಿನಲ್ಲಿ 3.3. ಎಂಟರ ಕಟರನ್ನು ಒಂದೇ ಸಲ ಇಳಿಸಿದರೆ ಗಾಡಿ, ಅಂದರೆ ಆ ತೋಡು, ಅಗಲವಾಗುತ್ತದೆ, ಕೀ ಸಡಿಲಾಗುತ್ತದೆ. ಎರಡು ಹಲ್ಲಿನ 6 ಮಿ.ಮೀ. ಕಟರಿನಿಂದ ನಡುವೆ ತೆಗೆದು, ಆಮೇಲೆ ಒಂದೊಂದೇ ಬದಿ ಸವರುತ್ತಾ ಕೀ ಹಾಕಿ ನೋಡಿ ಅಗಲ ಮಾಡು. ನಡು ಹಿಡಿಯಲು ಶಾಫ್ಟಿನ ಬದಿಗೆ ಒದ್ದೆ ಕಾಗದದ ಚೂರು ಅಂಟಿಸಿ, ಕಟರನ್ನು ಕೈಯಲ್ಲಿ ತಿರುಗಿಸುತ್ತಾ ಅದು ಕಾಗದ ಎಳೆಯುವ ತನಕ ಬಾ. ಕಟರನ್ನು ಮೇಲೆತ್ತಿ ಶಾಫ್ಟಿನ ಅರ್ಧ 12.5, ಕಟರಿನ ಅರ್ಧ 3, ಜೊತೆಗೆ ಕಾಗದದ ದಪ್ಪ, ಅಷ್ಟು ಟೇಬಲ್ ಸರಿಸು. ಕಾಗದದ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದಿರು. ಆಳವನ್ನು ಗಾಡಿಯ ಅಂಚಿನಿಂದ ಅಳೆದರೆ ತಪ್ಪು; ಅಂಚು ಶಾಫ್ಟಿನ ನೆತ್ತಿಗಿಂತ 0.65 ಮಿ.ಮೀ.ನಷ್ಟು ಕೆಳಗಿರುತ್ತದೆ. ಗಾಡಿಯ ತಳದಿಂದ ಶಾಫ್ಟಿನ ಆಚೆ ಮೈಗೆ ವರ್ನಿಯರ್ ಹಿಡಿದಾಗ 21 ಬರಬೇಕು.

• ಖಾರದ ಗಿರಣಿಯ ಶಾಫ್ಟು ಬಂದರೆ ಮೊದಲು ಸೋಪಿನ ನೀರಲ್ಲಿ ತೊಳೆಸು. ಕೀ ವೇಯ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಪುಡಿ ಕಟರ್ ತಾಗಿದ ಕೂಡಲೇ ಮುಖಕ್ಕೆ ಏಳುತ್ತದೆ, ಸೀನು ನಿಲ್ಲುವುದಿಲ್ಲ. ಆ ಕೈಯಿಂದ ಕಣ್ಣು ಮುಟ್ಟಬೇಡ. ಕೊಡುವಾಗ ಇನ್ನೂ ಜೋಪಾನ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಗಿರಣಿಯವರ ಪುಡಿ ಆ ಹೆಸರಿನ ಮೇಲೆ ದೂರದೂರಿಗೆ ಹೋಗುತ್ತದೆ. ಅಂಚಿನ ಬರ್ ಕಾನಸಿನಿಂದ ತೆಗೆದು, ಕೂಲಂಟ್ ಪೂರಾ ತೊಳೆದು, ಅಯಸ್ಕಾಂತ ಆಡಿಸಿ ಚೂರು ಉಳಿದಿಲ್ಲವೆಂದು ನೋಡಿಯೇ ಕೈಗೆ ಕೊಡು.

• ಡಯಲ್ ಗೇಜ್ ಕೊಳ್ಳಬೇಡ, ನನ್ನ ಹತ್ತಿರ ಎರಡಿವೆ, ಬರುವಾಗ ಒಂದು ತರುತ್ತೇನೆ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ನೀನೇ ತೆಗೆದುಕೋ. ಅಗ್ಗದ್ದು ಬೇಡ, ಅದು ಅಲುಗಿದರೆ ಮುಳ್ಳು ತೋರಿಸುವುದೆಲ್ಲ ಸುಳ್ಳು. ಮತ್ತೆ, ಆ ಬೇರಿಂಗ್ ಬಳೆ ನಾನು ಬರುವ ಮುಂಚೆ ಹುಡುಕಿಡು.